ಓಆರ್‌ಎಸ್‌ನಲ್ಲಿ ಸಕ್ಕರೆ ಯಾಕೆ? ಆಸ್ಮಾಸಿಸ್ ಪ್ರಕಾರ ಭೇದಿ ಇನ್ನೂ ಜಾಸ್ತಿ ಆಗಬೇಕಲ್ವಾ?

ದಾವಣಗೆರೆ_ಅಮ್ಮ:

ಎಲ್ಲರಿಗೂ ನಮಸ್ಕಾರ. ಹೋದ ವಾರ ನಮ್ಮ ಚಿಕ್ಕ ಮಗನಿಗೆ ವಾಂತಿ ಭೇದಿ ಆಗಿತ್ತು. ಡಾಕ್ಟರು ಓಆರ್‌ಎಸ್ ಬರೆದುಕೊಟ್ಟರು, ಕುಡಿಸಿದೆವು, ಈಗ ಆರಾಮಾಗಿದ್ದಾನೆ. ಆದರೆ ಮನೆಯಲ್ಲಿ ಒಂದು ವಾದ ಶುರುವಾಗಿ ಇನ್ನೂ ಮುಗಿದಿಲ್ಲ.

ದೊಡ್ಡ ಮಗಳು ಫಸ್ಟ್ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಪ್ಯಾಕೆಟ್ ಹಿಂದೆ ಇರುವುದನ್ನೆಲ್ಲ ಓದಿ ಕೇಳಿದಳು: "ಅಮ್ಮ, ನೀರು ಯಾವಾಗಲೂ ಉಪ್ಪು, ಸಕ್ಕರೆ ಜಾಸ್ತಿ ಇರೋ ಕಡೆಗೆ ಹೋಗುತ್ತೆ, ಅದೇ ಆಸ್ಮಾಸಿಸ್ ಅಂತ ನಮ್ಮ ಪುಸ್ತಕದಲ್ಲಿದೆ. ಹಾಗಿದ್ರೆ ಕರುಳಿಗೆ ಉಪ್ಪು ಸಕ್ಕರೆ ಸುರಿದರೆ ಮೈಯಲ್ಲಿರೋ ನೀರು ಕರುಳಿಗೆ ಬರಬೇಕು. ಭೇದಿ ಜಾಸ್ತಿ ಆಗ್ಬೇಕು. ಕಡಿಮೆ ಹೇಗಾಯ್ತು?"

ಅತ್ತೆಯವರು ಬೇರೆ ಮೊದಲಿಂದಲೂ ಹೇಳುತ್ತಿದ್ದರು, ಭೇದಿ ಆದಾಗ ಸಿಹಿ ಕೊಡಬಾರದು, ಗಂಜಿಗೆ ಉಪ್ಪು ಹಾಕಿ ಕೊಡಿ ಅಂತ. ಮಗಳ ಪ್ರಶ್ನೆ ಕೇಳಿ ಅವರಿಗೆ ಖುಷಿಯೋ ಖುಷಿ. ನಾನು ಬಿ.ಕಾಂ. ಓದಿದವಳು, ನನಗೆ ಉತ್ತರ ಗೊತ್ತಿಲ್ಲ. ತಿಳಿದವರು ಸ್ವಲ್ಪ ಬಿಡಿಸಿ ಹೇಳ್ತೀರಾ? ಅವಳಿಗೂ ಓದಿಸ್ತೀನಿ.

ಕೆರೆದಂಡೆ:

ಭೇದಿ ಆದಾಗ ಮಗು ಊಟ ಮಾಡಲ್ಲ, ಸುಸ್ತಾಗಿರುತ್ತೆ. ಸಕ್ಕರೆ ಶಕ್ತಿಗೆ, ಉಪ್ಪು ಮತ್ತು ನೀರು ಹೋದದ್ದನ್ನು ತುಂಬೋಕೆ. ಅಷ್ಟೇ ಅಲ್ವಾ ಮೇಡಂ.

ಬಯಾಲಜಿ_ಮೇಷ್ಟ್ರು:

ಕೆರೆದಂಡೆ ಅವರೇ, ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ಒಂದು ಲೀಟರ್ ಓಆರ್‌ಎಸ್‌ನಲ್ಲಿರುವ ಗ್ಲೂಕೋಸ್ 13.5 ಗ್ರಾಂ ಮಾತ್ರ. ಇಡೀ ಲೀಟರ್ ಕುಡಿದರೂ ಸಿಗುವುದು 50 ಚಿಲ್ಲರೆ ಕ್ಯಾಲೊರಿ. ಶಕ್ತಿಗೆ ಅಂತ ಹಾಕಿದ್ದರೆ ಇಷ್ಟು ಕಡಿಮೆ ಹಾಕುತ್ತಿರಲಿಲ್ಲ. ಅಲ್ಲಿ ಸಕ್ಕರೆಯ ಕೆಲಸವೇ ಬೇರೆ.

ಮೇಡಂ, ಮೊದಲು ನಿಮ್ಮ ಮಗಳಿಗೆ ಶಾಬಾಸ್ ಹೇಳಿ. ಅವಳು ಹಿಡಿದಿರುವ ನಿಯಮ ಪೂರ್ತಿ ಸರಿ. ಒಂದು ವಿಷಯ ಮಾತ್ರ ಬಿಟ್ಟಿದ್ದಾಳೆ: ಆ ಸಕ್ಕರೆ ಕರುಳಿನಲ್ಲಿ ಉಳಿಯುವುದಿಲ್ಲ. ಒಳಗೆ ಹೋಗುತ್ತದೆ. ಹೋಗುವಾಗ ಉಪ್ಪನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ.

ಸ್ವಲ್ಪ ಹಿಂದಿನಿಂದ ಹೇಳ್ತೀನಿ, ಇದು ನನಗೆ ಬಹಳ ಇಷ್ಟದ ಪಾಠ. ಜೀವಕೋಶದ ಸುತ್ತ ಇರುವುದು ಎರಡು ಪದರದ ಕೊಬ್ಬಿನ ಪೊರೆ. ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್, ಆಲ್ಕೋಹಾಲ್ ಇಂಥವು ಅದರೊಳಗಿಂದ ನೇರವಾಗಿ ದಾಟುತ್ತವೆ, ಯಾರನ್ನೂ ಕೇಳಬೇಕಿಲ್ಲ. ಉಪ್ಪಿನಲ್ಲಿರುವ ಸೋಡಿಯಂ ದಾಟುವುದಿಲ್ಲ, ಅದಕ್ಕೆ ವಿದ್ಯುತ್ ಚಾರ್ಜ್ ಇದೆ, ಕೊಬ್ಬಿಗೆ ಅದು ಆಗಿಬರುವುದಿಲ್ಲ. ಗ್ಲೂಕೋಸ್‌ಗೆ ಚಾರ್ಜ್ ಇಲ್ಲ, ಆದರೆ ಅದು ದೊಡ್ಡದು, ನೀರನ್ನು ಹಚ್ಚಿಕೊಂಡ ಜಾತಿ, ಅದೂ ದಾಟುವುದಿಲ್ಲ. ಇವಕ್ಕೆಲ್ಲ ಪೊರೆಯಲ್ಲಿ ಕೂತಿರುವ ಪ್ರೋಟೀನ್‌ಗಳೇ ದಾರಿ ಕೊಡಬೇಕು.

ಈಗ ಸಣ್ಣ ಕರುಳಿನ ಗೋಡೆಯ ಒಂದೇ ಒಂದು ಕೋಶ ತೆಗೆದುಕೊಳ್ಳಿ. ಅದಕ್ಕೆ ಎರಡು ಮುಖ. ಒಂದು ಮುಖ ಕರುಳಿನ ಒಳಗಿರುವ ಆಹಾರದ ಕಡೆಗೆ, ಇನ್ನೊಂದು ರಕ್ತದ ಕಡೆಗೆ. ರಕ್ತದ ಕಡೆಯ ಪೊರೆಯಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪ್ ಇದೆ. ಕೋಶದ ಇಂಧನವಾದ ಎಟಿಪಿ ಒಂದನ್ನು ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ ತಳ್ಳುತ್ತದೆ, ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಹಗಲು ರಾತ್ರಿ ಇದೇ ಕೆಲಸ. ಡೆನ್ಮಾರ್ಕ್‌ನ ಯೆನ್ಸ್ ಸ್ಕೌ ಇದನ್ನು ಏಡಿಯ ನರದಲ್ಲಿ ಹುಡುಕಿ 1957ರಲ್ಲಿ ಬರೆದರು, 1997ರಲ್ಲಿ ಅವರಿಗೆ ನೊಬೆಲ್ ಬಂತು. ಈ ಪಂಪ್‌ನಿಂದಾಗಿ ಕೋಶದ ಒಳಗೆ ಸೋಡಿಯಂ ಯಾವಾಗಲೂ ಕಡಿಮೆ. ಹೊರಗೆ ಲೀಟರ್‌ಗೆ ಸುಮಾರು 140 ಮಿಲಿಮೋಲ್ (ಕಣಗಳ ಸಂಖ್ಯೆಯ ಅಳತೆ) ಇದ್ದರೆ ಒಳಗೆ 10-15. ಅಂದರೆ ಸೋಡಿಯಂಗೆ ಒಳಗೆ ನುಗ್ಗುವ ಒತ್ತಡ ಸದಾ ಇರುತ್ತದೆ, ಬಾಗಿಲು ಮಾತ್ರ ಬೇಕು.

ಆ ಬಾಗಿಲು ಕರುಳಿನ ಕಡೆಯ ಮುಖದಲ್ಲಿದೆ. ಹೆಸರು ಎಸ್‌ಜಿಎಲ್‌ಟಿ1. ಬ್ಯಾಂಕ್ ಲಾಕರ್ ಇದೆಯಲ್ಲ, ನಿಮ್ಮ ಕೀ ಮತ್ತು ಬ್ಯಾಂಕಿನ ಕೀ ಎರಡೂ ಹಾಕಿದರೇ ತೆರೆಯುವುದು, ಹಾಗೇ ಇದು. ಎರಡು ಸೋಡಿಯಂ ಮತ್ತು ಒಂದು ಗ್ಲೂಕೋಸ್ ಬಂದು ಕೂತರೆ ಆ ಪ್ರೋಟೀನ್ ತನ್ನ ಆಕಾರ ಬದಲಿಸುತ್ತದೆ, ಹೊರಗೆ ತೆರೆದಿದ್ದ ಬಾಯಿ ಮುಚ್ಚಿ ಒಳಗಿನ ಬಾಯಿ ತೆರೆಯುತ್ತದೆ, ಮೂರೂ ಕೋಶದೊಳಗೆ ಬೀಳುತ್ತವೆ. ಗ್ಲೂಕೋಸ್ ಇಲ್ಲದೆ ಬರೀ ಸೋಡಿಯಂ ಬಂದರೆ ಈ ಬಾಗಿಲಿನಿಂದ ಪ್ರಯೋಜನವಿಲ್ಲ.

ಒಳಗೆ ಬಂದ ಗ್ಲೂಕೋಸ್ ಹಿಂಬದಿಯ ಗ್ಲಟ್2 ಅನ್ನೋ ಇನ್ನೊಂದು ಪ್ರೋಟೀನ್ ಮೂಲಕ ರಕ್ತದ ಕಡೆಗೆ ಇಳಿಯುತ್ತದೆ. ಸೋಡಿಯಂ ಅನ್ನು ಪಂಪ್ ಎತ್ತಿ ರಕ್ತದ ಕಡೆಗೇ ಹಾಕುತ್ತದೆ. ಕೋಶ ಕೋಶದ ನಡುವೆ ಒಂದು ಇಕ್ಕಟ್ಟಾದ ಸಂದಿ ಇರುತ್ತದೆ, ಅಲ್ಲಿ ಉಪ್ಪು ಸಕ್ಕರೆ ಸೇರಿ ಗಟ್ಟಿಯಾಗುತ್ತದೆ. ಈಗ ಎಲ್ಲಿ ಜಾಸ್ತಿ ಗಟ್ಟಿ? ಕರುಳಿನಲ್ಲಲ್ಲ, ಆ ಸಂದಿಯಲ್ಲಿ. ನೀರು ಆ ಕಡೆ ಹರಿಯುತ್ತದೆ. ಮಗಳ ಪುಸ್ತಕದಲ್ಲಿರುವ ಆಸ್ಮಾಸಿಸ್ ಇದೇ. ನೀರನ್ನು ಎಳೆಯುವ ಪಂಪ್ ದೇಹದಲ್ಲಿ ಎಲ್ಲೂ ಇಲ್ಲ. ಉಪ್ಪನ್ನು ದಾಟಿಸಿದರೆ ನೀರು ತಾನಾಗಿ ಹಿಂದೆ ಬರುತ್ತದೆ.

ಪರೀಕ್ಷೆಗೆ ಬೇಕಾದ್ದು ಬೇಕಿದ್ದರೆ ಇಷ್ಟು ಹೇಳಿ: ಪಂಪ್ ಮಾಡುವುದು ಆಕ್ಟಿವ್ ಟ್ರಾನ್ಸ್‌ಪೋರ್ಟ್, ಗ್ಲಟ್2 ಫೆಸಿಲಿಟೇಟೆಡ್ ಡಿಫ್ಯೂಷನ್, ಎಸ್‌ಜಿಎಲ್‌ಟಿ1 ಸೆಕೆಂಡರಿ ಆಕ್ಟಿವ್. ಅದು ತಾನು ಎಟಿಪಿ ಖರ್ಚು ಮಾಡುವುದಿಲ್ಲ, ಪಂಪ್ ಮಾಡಿಟ್ಟ ವ್ಯತ್ಯಾಸದ ಮೇಲೆ ಬದುಕುತ್ತದೆ.

ದಾವಣಗೆರೆ_ಅಮ್ಮ:

ಮೇಷ್ಟ್ರೇ ತುಂಬಾ ಥ್ಯಾಂಕ್ಸ್. ಓದಿಸಿದೆ. ಎರಡು ಸಲ ಓದಿ ಮತ್ತೆ ಎರಡು ಪ್ರಶ್ನೆ ಕೊಟ್ಟಿದ್ದಾಳೆ. ಒಂದು, ಭೇದಿಯಲ್ಲಿ ಕರುಳು ಕೆಟ್ಟಿರುತ್ತಲ್ಲ, ಈ ಬಾಗಿಲು ಕೆಡಲ್ವಾ? ಎರಡು, ಈ ಬಾಗಿಲಿನಿಂದಲೇ ಆಗ್ತಿರೋದು ಅಂತ ಹೇಗೆ ಗೊತ್ತಾಯ್ತು?

ಬಯಾಲಜಿ_ಮೇಷ್ಟ್ರು:

ಮೊದಲ ಪ್ರಶ್ನೆಗೆ ಕಾಲರಾ ಒಳ್ಳೆಯ ಉದಾಹರಣೆ, ಯಾಕೆಂದರೆ ಅದರಷ್ಟು ಜೋರಾದ ಭೇದಿ ಇನ್ನೊಂದಿಲ್ಲ. ದೊಡ್ಡವರಲ್ಲಿ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು. ಆದರೆ ಕಾಲರಾ ಬ್ಯಾಕ್ಟೀರಿಯಾ ಕರುಳನ್ನು ಕೊರೆಯುವುದಿಲ್ಲ, ಗಾಯ ಮಾಡುವುದಿಲ್ಲ. ಅದು ಒಂದು ವಿಷ ಬಿಡುತ್ತದೆ. ಕಲ್ಕತ್ತಾದ ಶಂಭುನಾಥ್ ಡೇ 1959ರಲ್ಲಿ ಬ್ಯಾಕ್ಟೀರಿಯಾ ಸೋಸಿ ತೆಗೆದ ದ್ರವವನ್ನು ಮಾತ್ರ ಮೊಲದ ಕರುಳಿಗೆ ಹಾಕಿ ಇದನ್ನು ತೋರಿಸಿದರು. ಎಷ್ಟು ದೊಡ್ಡ ಕೆಲಸ ಅದು, ನಮ್ಮ ಮಕ್ಕಳಿಗೆ ಅವರ ಹೆಸರೇ ಗೊತ್ತಿಲ್ಲ ಅನ್ನೋದು ನನಗೆ ನಿಜಕ್ಕೂ ಬೇಸರ.

ಆ ವಿಷ ಕೋಶದೊಳಗೆ ಸೈಕ್ಲಿಕ್ ಎಎಂಪಿ ಅನ್ನೋ ಸಂದೇಶದ ಅಣುವನ್ನು ಏರಿಸುತ್ತದೆ. ಆಗ ಸಿಎಫ್‌ಟಿಆರ್ ಅನ್ನೋ ಕ್ಲೋರೈಡ್ ಚಾನೆಲ್ ತೆರೆದೇ ಇರುತ್ತದೆ. ಉಪ್ಪಿನ ಇನ್ನೊಂದು ಭಾಗವಾದ ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಜೊತೆಗೆ ಬರೀ ಉಪ್ಪನ್ನು ಹೀರುವ ಮಾಮೂಲಿ ದಾರಿಯೂ ಬಂದ್ ಆಗುತ್ತದೆ. ಬರೀ ಉಪ್ಪುನೀರು ಕುಡಿಸಿದರೆ ಅದಕ್ಕೇ ಕೆಲಸ ಆಗುವುದಿಲ್ಲ. ಆದರೆ ಎಸ್‌ಜಿಎಲ್‌ಟಿ1 ಹಾಗೇ ಕೆಲಸ ಮಾಡುತ್ತಿರುತ್ತದೆ. ವಿಷ ಅದರ ತಂಟೆಗೆ ಹೋಗುವುದಿಲ್ಲ. ಓಆರ್‌ಎಸ್ ಸೋರಿಕೆಯನ್ನು ನಿಲ್ಲಿಸುವುದಿಲ್ಲ ಅನ್ನೋದು ನೆನಪಿರಲಿ. ಸೋರುವುದು ಸೋರುತ್ತಲೇ ಇರುತ್ತದೆ, ಇನ್ನೊಂದು ಬಾಗಿಲಿಂದ ಅಷ್ಟನ್ನು ಒಳಗೆ ಹಾಕುತ್ತಾ ಇರುತ್ತೇವೆ, ಅಷ್ಟರಲ್ಲಿ ರೋಗ ತಾನೇ ಹೋಗುತ್ತದೆ. ವೈರಸ್ ಭೇದಿಯಲ್ಲಿ ಒಂದಷ್ಟು ಕೋಶಗಳು ಸಾಯುತ್ತವೆ, ಆದರೂ ಉಳಿದ ಕೋಶಗಳು ಸಾಕಷ್ಟಿರುತ್ತವೆ.

ಎರಡನೇ ಪ್ರಶ್ನೆ. ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ದಾಟುತ್ತವೆ ಎಂದು ವಿಜ್ಞಾನಿ ರಾಬರ್ಟ್ ಕ್ರೇನ್ ಮೊದಲು ಹೇಳಿದ್ದು 1960ರಲ್ಲಿ, ಪ್ರಾಗ್‌ನ ಒಂದು ಸಭೆಯಲ್ಲಿ. ಆದರೆ ನಿಮ್ಮ ಮಗಳಿಗೆ ಹಿಡಿಸುವ ಸಾಕ್ಷಿ ಬೇರೆ ಇದೆ. ತುಂಬಾ ಅಪರೂಪಕ್ಕೆ ಕೆಲವು ಮಕ್ಕಳು ಎಸ್‌ಜಿಎಲ್‌ಟಿ1 ಕೆಟ್ಟಿರುವ ಸ್ಥಿತಿಯಲ್ಲೇ ಹುಟ್ಟುತ್ತಾರೆ. ತಾಯಿ ಹಾಲು ಕುಡಿದ ತಕ್ಷಣ ಜೋರು ಭೇದಿ. ಹಾಲಿನ ಲ್ಯಾಕ್ಟೋಸ್ ಒಡೆದರೆ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್, ಎರಡಕ್ಕೂ ಅದೇ ಬಾಗಿಲು. ಬಾಗಿಲಿಲ್ಲ, ಹಾಗಾಗಿ ಸಕ್ಕರೆ ಕರುಳಿನಲ್ಲೇ ಉಳಿಯುತ್ತದೆ, ನೀರು ಎಳೆಯುತ್ತದೆ. ನಿಮ್ಮ ಮಗಳು ಹೇಳಿದ್ದು ಇಲ್ಲಿ ಅಕ್ಷರಶಃ ನಡೆಯುತ್ತದೆ. ಅಂಥ ಮಕ್ಕಳಿಗೆ ಹಾಲಿನ ಬದಲು ಫ್ರಕ್ಟೋಸ್ ಮಾತ್ರ ಇರುವ ಶಿಶು ಆಹಾರದ ಪುಡಿ ಕೊಟ್ಟರೆ ಭೇದಿ ನಿಲ್ಲುತ್ತದೆ, ಫ್ರಕ್ಟೋಸ್‌ಗೆ ಗ್ಲಟ್5 ಅನ್ನೋ ಬೇರೆ ಬಾಗಿಲಿದೆ, ಅದಕ್ಕೆ ಸೋಡಿಯಂ ಬೇಕಿಲ್ಲ.

ಪಿಎಚ್‌ಸಿ_ಸಿಸ್ಟರ್:

ಮೇಷ್ಟ್ರು ಎಷ್ಟು ಚೆನ್ನಾಗಿ ಹೇಳಿದ್ದಾರೆ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಓಆರ್‌ಎಸ್ ಯಾಕೆ ಕೆಲಸ ಮಾಡುತ್ತೆ ಅಂತ ಗೊತ್ತಾದರೆ ಅಳತೆ ಯಾಕೆ ತಪ್ಪಬಾರದು ಅನ್ನೋದೂ ಗೊತ್ತಾಗುತ್ತೆ, ಅದಕ್ಕೇ ಬರೀತಿದೀನಿ.

ದಿನಾ ನೋಡೋದು ಏನಂದ್ರೆ, ಒಂದು ಲೀಟರ್ ಪ್ಯಾಕೆಟ್ ಒಡೆದು ಒಂದು ಲೋಟ ನೀರಿಗೆ ಅಂದಾಜಿನ ಮೇಲೆ ಸ್ವಲ್ಪ ಉದುರಿಸುತ್ತಾರೆ. ಉಳಿದಿದ್ದನ್ನು ರಬ್ಬರ್ ಬ್ಯಾಂಡ್ ಹಾಕಿ ಇಡುತ್ತಾರೆ. ಲೋಟದಲ್ಲಿ ಪುಡಿ ಜಾಸ್ತಿ ಆಯಿತೋ, ಅದು ರಕ್ತಕ್ಕಿಂತ ಗಟ್ಟಿ ಆಗುತ್ತೆ, ಆಗ ಮೇಡಂ ಮಗಳು ಹೇಳಿದಂತೆ ನೀರು ಕರುಳಿನ ಕಡೆಗೇ ಹೋಗುತ್ತೆ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿರುತ್ತೆ. ದೊಡ್ಡದಕ್ಕೆ ಒಂದು ಲೀಟರ್, ಸಣ್ಣದಕ್ಕೆ 200 ಎಂಎಲ್. ಪೂರ್ತಿ ಪ್ಯಾಕೆಟ್ ಒಂದೇ ಸಲ ಹಾಕಿ. ಕಾಯಿಸಿ ಆರಿಸಿದ ನೀರು. ಕಲಸಿದ ಮೇಲೆ ಮತ್ತೆ ಕಾಯಿಸಬೇಡಿ. ಮುಚ್ಚಿಟ್ಟು 24 ಗಂಟೆ ಒಳಗೆ ಮುಗಿಸಿ, ಉಳಿದರೆ ಚೆಲ್ಲಿ. ಮಗು ಕುಡಿಯಲ್ಲ ಅಂತ ಮೇಲೆ ಸಕ್ಕರೆ ಹಾಕೋದು, ಜ್ಯೂಸ್ ಬೆರೆಸೋದು ಬೇಡವೇ ಬೇಡ.

ಮೊದಲು ಬರ್ತಿದ್ದ ಓಆರ್‌ಎಸ್ ಇನ್ನೂ ಗಟ್ಟಿ ಇತ್ತು. ಅದರ ಆಸ್ಮೋಲಾರಿಟಿ, ಅಂದರೆ ಒಂದು ಲೀಟರ್‌ನಲ್ಲಿ ಕರಗಿರೋ ಒಟ್ಟು ಕಣಗಳ ಅಳತೆ, 311. 2002ರಿಂದ ವಿಶ್ವ ಆರೋಗ್ಯ ಸಂಸ್ಥೆ 245ಕ್ಕೆ ಇಳಿಸಿತು, ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ 75 ಮಿಲಿಮೋಲ್, ಸಮಸಮ. ರಕ್ತದ್ದು 290ರ ಹತ್ತಿರ. ಅದಕ್ಕಿಂತ ತೆಳು ಇರೋದರಿಂದ ನೀರು ಹೀರೋದು ಸುಲಭ, ವಾಂತಿ ಭೇದಿಯೂ ಕಡಿಮೆ ಆಯ್ತು.

ಕುಡಿಸೋದರಲ್ಲೂ ಒಂದು ರೀತಿ ಇದೆ. ವಾಂತಿ ಮಾಡ್ತು ಅಂತ ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ, ಎರಡು ಮೂರು ನಿಮಿಷಕ್ಕೊಂದು ಚಮಚ. ಲೋಟ ಬಾಯಿಗೆ ಹಿಡಿದು ಗಟಗಟ ಕುಡಿಸಿದರೆ ಎಲ್ಲ ಹೊರಗೆ ಬರುತ್ತೆ. ಒಂದೊಂದು ಸಲ ಭೇದಿ ಆದ ಮೇಲೂ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ಎದೆಹಾಲು ನಿಲ್ಲಿಸಬಾರದು. ಜೊತೆಗೆ ಜಿಂಕ್ ಮಾತ್ರೆ 14 ದಿನ, ಭೇದಿ ನಿಂತ ಮೇಲೂ ಪೂರ್ತಿ ಕೊಡಿ.

ಮಗುವಿನ ಹೊಟ್ಟೆ ಮೇಲಿನ ಚರ್ಮ ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಎತ್ತಿ ಬಿಡಿ. ತಕ್ಷಣ ಸಮ ಆಗಬೇಕು. ಮಡಿಕೆ ಹಾಗೇ ನಿಂತು ನಿಧಾನಕ್ಕೆ ಇಳಿದರೆ ನೀರು ತುಂಬಾ ಹೋಗಿದೆ ಅಂತ. ಕಣ್ಣು ಗುಳಿ ಬಿದ್ದಿದ್ದರೆ, ಮಂಕಾಗಿದ್ದರೆ, ಕುಡಿಯೋಕೆ ಆಗದಿದ್ದರೆ, ಮೂತ್ರ ಹೋಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಬನ್ನಿ. ಆಗ ಡ್ರಿಪ್ ಬೇಕಾಗಬಹುದು.

ಇನ್ನೊಂದು ಮಾತು. ಅಂಗಡಿಯಲ್ಲಿ ಹಣ್ಣಿನ ಚಿತ್ರ ಇರೋ ಟೆಟ್ರಾ ಪ್ಯಾಕ್ ತಂದು ಇದೇ ಓಆರ್‌ಎಸ್ ಅಂತ ಕುಡಿಸುತ್ತಿದ್ದ ಅಮ್ಮಂದಿರನ್ನ ಎಷ್ಟು ನೋಡಿದೀನೋ. ಸಕ್ಕರೆ ಸಿಕ್ಕಾಪಟ್ಟೆ, ಉಪ್ಪು ಸಾಲದು. ಅವರ ತಪ್ಪಲ್ಲ, ಡಬ್ಬಿ ಮೇಲೆ ಹಾಗೇ ಬರೆದಿತ್ತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನೋ ಪದ ಬಳಸುವ ಹಾಗಿಲ್ಲ ಅಂತ ಆದೇಶ ಮಾಡಿತು. ಬಹಳ ತಡವಾಗಿ ಆದರೂ ಆಯ್ತಲ್ಲ. ಮೆಡಿಕಲ್ ಶಾಪ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಫಾರ್ಮುಲಾ ಅಂತ ಬರೆದಿರೋದನ್ನೇ ಕೇಳಿ ತಗೊಳ್ಳಿ. ನಮ್ಮ ಪಿಎಚ್‌ಸಿಗಳಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆ ಸಿಗುತ್ತೆ.

ಅಡಿಕೆತೋಟ:

ಸಿಸ್ಟರ್, ಎಳನೀರು ಕೊಡಬಹುದಲ್ಲ? ನಮ್ಮ ಕಡೆ ಭೇದಿ ಅಂದರೆ ಮೊದಲು ಎಳನೀರೇ. ಮತ್ತೆ ಆ ಅಜ್ಜಿಯ ಗಂಜಿ ಬಗ್ಗೆ ಯಾರೂ ಏನೂ ಹೇಳಲೇ ಇಲ್ಲ.

ಪಿಎಚ್‌ಸಿ_ಸಿಸ್ಟರ್:

ಎಳನೀರು ಕುಡಿಯಲಿ, ಬೇಡ ಅನ್ನಲ್ಲ. ಅದರಲ್ಲಿ ಪೊಟ್ಯಾಸಿಯಂ ಚೆನ್ನಾಗಿದೆ, ಸೋಡಿಯಂ ಮಾತ್ರ ಬಹಳ ಕಡಿಮೆ. ಭೇದಿಯಲ್ಲಿ ಮುಖ್ಯವಾಗಿ ಹೋಗೋದೇ ಸೋಡಿಯಂ. ಹಾಗಾಗಿ ಓಆರ್‌ಎಸ್ ಬದಲಿಗೆ ಅದನ್ನೇ ನಂಬಿ ಕೂರಬಾರದು. ಉಪ್ಪು ಹಾಕಿದ ಮಜ್ಜಿಗೆ, ಉಪ್ಪು ಹಾಕಿದ ಗಂಜಿ ಧಾರಾಳವಾಗಿ ಕೊಡಿ.

ಬಯಾಲಜಿ_ಮೇಷ್ಟ್ರು:

ಗಂಜಿ ವಿಷಯ ನಾನು ಹೇಳ್ತೀನಿ, ಅಜ್ಜಿಯ ಮಾತನ್ನು ತಳ್ಳಿಹಾಕುವ ಹಾಗೇ ಇಲ್ಲ.

ಅಕ್ಕಿಯ ಪಿಷ್ಟ ಅಂದರೆ ಸಾವಿರಾರು ಗ್ಲೂಕೋಸ್ ಸೇರಿದ ಒಂದು ಉದ್ದ ಸರಪಳಿ. ಆಸ್ಮಾಸಿಸ್‌ಗೆ ಲೆಕ್ಕ ಬರುವುದು ತೂಕ ಅಲ್ಲ, ಕಣಗಳ ಸಂಖ್ಯೆ. ಇಡೀ ಸರಪಳಿ ಒಂದು ಕಣ. ಹಾಗಾಗಿ ಗಂಜಿಯಲ್ಲಿ ಎಷ್ಟೇ ಪಿಷ್ಟ ಇದ್ದರೂ ಅದು ನೀರನ್ನು ಕರುಳಿಗೆ ಎಳೆಯುವುದಿಲ್ಲ. ಎಂಜಲು ಮತ್ತು ಮೇದೋಜೀರಕದ ಎಂಜೈಮ್‌ಗಳು ಅದನ್ನು ತುಂಡು ಮಾಡುತ್ತವೆ, ಕೊನೆಯ ತುಂಡು ಒಡೆಯುವುದು ಕರುಳಿನ ಕೋಶದ ಮೈಮೇಲೆ, ಎಸ್‌ಜಿಎಲ್‌ಟಿ1 ಪಕ್ಕದಲ್ಲೇ. ಬಿಡುಗಡೆಯಾದ ಗ್ಲೂಕೋಸ್ ಅಲ್ಲೇ ಸೋಡಿಯಂ ಜೊತೆ ಒಳಗೆ ಹೋಗುತ್ತದೆ, ಕರುಳಿನಲ್ಲಿ ಗುಂಪು ಕಟ್ಟುವುದಿಲ್ಲ. ಒಂದು ಲೀಟರ್‌ಗೆ ಗ್ಲೂಕೋಸ್ ಬದಲು ಸುಮಾರು 50 ಗ್ರಾಂ ಅಕ್ಕಿ ಹಿಟ್ಟು ಬೇಯಿಸಿ ಹಾಕಿದ ಓಆರ್‌ಎಸ್ ಅನ್ನು ಬಾಂಗ್ಲಾದೇಶದಲ್ಲಿ ಕಾಲರಾ ರೋಗಿಗಳಿಗೆ ಕೊಟ್ಟು ನೋಡಿದ್ದಾರೆ, ಭೇದಿಯ ಪ್ರಮಾಣ ಕಡಿಮೆಯಾಯಿತು. ಆದರೆ ಉಪ್ಪು ಇರಲೇಬೇಕು. ಸಪ್ಪೆ ಗಂಜಿಯಲ್ಲಿ ಅರ್ಧ ಕೆಲಸ ಮಾತ್ರ ಆಗುತ್ತದೆ. ಅಜ್ಜಿ ಉಪ್ಪು ಹಾಕಿ ಅಂತಲೇ ಹೇಳಿದ್ದಾರೆ, ನೋಡಿ.

ಸಿಹಿ ಬಗ್ಗೆ ಅವರ ಭಯಕ್ಕೂ ಆಧಾರ ಇದೆ. ಕೋಲಾ, ಪ್ಯಾಕೆಟ್ ಜ್ಯೂಸ್ ಇವು ರಕ್ತದ ಎರಡು ಪಟ್ಟಿನಷ್ಟು ಗಟ್ಟಿ. ಬಾಗಿಲುಗಳು ಒಳಗೆ ಹಾಕುವ ವೇಗಕ್ಕಿಂತ ಜಾಸ್ತಿ ಸಕ್ಕರೆ ಬಂದರೆ ಉಳಿದದ್ದು ಭೇದಿಯನ್ನು ಹೆಚ್ಚಿಸುತ್ತದೆ.

ಪ್ಯಾಕೆಟ್ ಸಿಗದಿದ್ದರೆ ಮನೆಯಲ್ಲಿ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಸಮ ಚಮಚ, ಗೋಪುರದ ಹಾಗೆ ತುಂಬಬಾರದು. ಆರು ಚಮಚ ಅಂದರೆ ಸುಮಾರು 25 ಗ್ರಾಂ. ಪ್ಯಾಕೆಟ್‌ನಲ್ಲಿ 13.5 ಇದ್ದರೆ ಇಲ್ಲಿ ಹೆಚ್ಚುಕಡಿಮೆ ಎರಡರಷ್ಟು ಯಾಕೆ? ಅಡುಗೆ ಸಕ್ಕರೆ ಸುಕ್ರೋಸ್. ಅದು ಒಡೆದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಸೋಡಿಯಂ ಎಳೆಯುವುದು ಗ್ಲೂಕೋಸ್ ಭಾಗ ಮಾತ್ರ. ಮಗಳಿಗೆ ಈ ಲೆಕ್ಕ ಮಾಡಿಸಿ, ಖುಷಿ ಪಡುತ್ತಾಳೆ.

ಈ ಅಡುಗೆಮನೆ ಅಳತೆ ಎಷ್ಟು ಜೀವ ಉಳಿಸಿದೆ ಅಂತ ಒಂದು ಮಾತು ಹೇಳಲೇಬೇಕು. ಗ್ಲೂಕೋಸ್ ಮತ್ತು ಉಪ್ಪನ್ನು ಬಾಯಿಂದ ಕೊಟ್ಟು ಕಾಲರಾ ನಿಭಾಯಿಸಬಹುದು ಅಂತ ಡಾಕ್ಟರುಗಳಾದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ 1968ರಲ್ಲಿ ಢಾಕಾದಲ್ಲಿ ತೋರಿಸಿದ್ದರು. ಆದರೆ ಆಸ್ಪತ್ರೆಯ ಹೊರಗೆ ಇದು ನಡೆಯುತ್ತದೆ ಅಂತ ಯಾರಿಗೂ ಧೈರ್ಯ ಇರಲಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದಾಗ ಕಾಲರಾ ಹರಡಿತು. ಅಲ್ಲಿ ಡಾಕ್ಟರ್ ದಿಲೀಪ್ ಮಹಲನಬಿಸ್ ಇದ್ದರು. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು, ಡ್ರಿಪ್ ಬಾಟಲಿ ಮುಗಿಯುತ್ತಾ ಬಂತು. ಲೀಟರ್‌ಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಇದನ್ನು ಪ್ಯಾಕೆಟ್ ಮಾಡಿಸಿ, ಡ್ರಮ್‌ಗಳಲ್ಲಿ ಕಲಸಿಟ್ಟು, ರೋಗಿಯ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಿ ಅಂದರು. ಶೇಕಡಾ 30ರ ಹತ್ತಿರ ಇದ್ದ ಸಾವು ಶೇಕಡಾ 3.6ಕ್ಕೆ ಇಳಿಯಿತು. ಅವರು ತೀರಿಕೊಂಡಿದ್ದು 2022ರಲ್ಲಿ, ಪದ್ಮವಿಭೂಷಣ ಬಂದಿದ್ದು 2023ರಲ್ಲಿ. ಬದುಕಿದ್ದಾಗಲೇ ಕೊಡಬೇಕಿತ್ತು.

ಕೆರೆದಂಡೆ:

ಮೇಷ್ಟ್ರೇ, ನಾನು ಸಕ್ಕರೆ ಶಕ್ತಿಗೆ ಅಂದುಕೊಂಡೇ ಇಷ್ಟು ವರ್ಷ ಇದ್ದೆ, ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ನಮ್ಮ ಅಪ್ಪನಿಗೆ ಶುಗರ್ ಇದೆ. ಅವರಿಗೆ ಭೇದಿ ಆದರೆ ಓಆರ್‌ಎಸ್ ಕೊಡಬಹುದಾ? ಸಕ್ಕರೆ ಬದಲು ಶುಗರ್‌ಫ್ರೀ ಹಾಕಿ ಮನೆಯಲ್ಲೇ ಮಾಡಿದರೆ?

ಬಯಾಲಜಿ_ಮೇಷ್ಟ್ರು:

ಶುಗರ್‌ಫ್ರೀ ಹಾಕಿದರೆ ನಾಲಿಗೆಗೆ ಸಿಹಿ ಅನಿಸುತ್ತೆ, ಎಸ್‌ಜಿಎಲ್‌ಟಿ1ಗೆ ಅಲ್ಲ. ಸುಕ್ರಲೋಸ್, ಆಸ್ಪರ್ಟೇಮ್ ಇವು ಗ್ಲೂಕೋಸ್‌ನ ಜಾಗದಲ್ಲಿ ಕೂತು ಸೋಡಿಯಂ ಒಯ್ಯುವುದಿಲ್ಲ. ಅದು ಬರೀ ಉಪ್ಪುನೀರು ಆಗುತ್ತದೆ.

ಪಿಎಚ್‌ಸಿ_ಸಿಸ್ಟರ್:

ಕೊಡಬಹುದು, ಕೊಡಲೇಬೇಕು. ಸಕ್ಕರೆ ಕಾಯಿಲೆ ಇರೋರಿಗೆ ನೀರು ಕಡಿಮೆ ಆಗೋದೇ ದೊಡ್ಡ ಅಪಾಯ. ಲೀಟರ್‌ಗೆ 13.5 ಗ್ರಾಂ ಅಷ್ಟೇ ಇರೋದು. ಗ್ಲೂಕೋಮೀಟರ್ ಇದ್ದರೆ ಆಗಾಗ ಶುಗರ್ ನೋಡ್ತಾ ಇರಿ. ಮುಖ್ಯವಾಗಿ ಅಪ್ಪ ಯಾವ ಮಾತ್ರೆ ತಗೋತಾರೆ ನೋಡಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೀಗೆ ಫ್ಲೋಜಿನ್ ಅಂತ ಮುಗಿಯೋ ಮಾತ್ರೆ ಇದ್ದರೆ ವಾಂತಿ ಭೇದಿ ಆದ ದಿನವೇ ಡಾಕ್ಟರಿಗೆ ಫೋನ್ ಮಾಡಿ, ಸಾಮಾನ್ಯವಾಗಿ ಅದನ್ನು ಹುಷಾರಾಗುವವರೆಗೆ ನಿಲ್ಲಿಸಿ ಅಂತಾರೆ.

ದಾವಣಗೆರೆ_ಅಮ್ಮ:

ಅತ್ತೆಯವರಿಗೆ ಗಂಜಿ ಭಾಗ ಓದಿ ಹೇಳಿದೆ. "ನಾನು ಹೇಳಿರಲಿಲ್ವಾ" ಅಂದರು. ಮಗಳು ಈಗ ಕೇಳ್ತಿರೋದು, ಆ ಫ್ಲೋಜಿನ್ ಮಾತ್ರೆಗೂ ಈ ಬಾಗಿಲಿಗೂ ಏನು ಸಂಬಂಧ ಅಂತ.

ಬಯಾಲಜಿ_ಮೇಷ್ಟ್ರು:

ಸರಿಯಾದ ಪ್ರಶ್ನೆ. ಮೂತ್ರಪಿಂಡದಲ್ಲಿ ಎಸ್‌ಜಿಎಲ್‌ಟಿ2 ಅಂತ ಇದರ ತಮ್ಮ ಇದ್ದಾನೆ. ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸ್ ರಕ್ತದಿಂದ ಸೋಸಿ ಹೋಗುತ್ತದೆ, ಅದರಲ್ಲಿ ಹೆಚ್ಚಿನ ಪಾಲನ್ನು ಅವನೇ ಹಿಡಿದು ಸೋಡಿಯಂ ಜೊತೆ ವಾಪಸ್ ಹಾಕುತ್ತಾನೆ. ಇಲ್ಲಿ ಒಂದು ಗ್ಲೂಕೋಸ್‌ಗೆ ಒಂದೇ ಸೋಡಿಯಂ. ಫ್ಲೋಜಿನ್ ಮಾತ್ರೆ ಈ ಬಾಗಿಲನ್ನು ಮುಚ್ಚುತ್ತದೆ. ಸಕ್ಕರೆ ಮೂತ್ರದಲ್ಲೇ ಉಳಿಯುತ್ತದೆ, ನೀರನ್ನೂ ಎಳೆದುಕೊಂಡು ಹೋಗುತ್ತದೆ. ಭೇದಿಯಲ್ಲಿ ನೀರು ಹೋಗುತ್ತಿರುವಾಗ ಇದೂ ಸೇರಿದರೆ ದೇಹ ಬೇಗ ಒಣಗುತ್ತದೆ, ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಏರುವ ಅಪಾಯವೂ ಇದೆ. ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಿ ಅಂದಿದ್ದು ಇದಕ್ಕೇ. ಈ ಔಷಧಿಗಳ ಮೂಲ ಫ್ಲೋರಿಜಿನ್, ಅದು 1835ರಲ್ಲಿ ಸೇಬಿನ ಮರದ ತೊಗಟೆಯಲ್ಲಿ ಸಿಕ್ಕಿದ್ದು. ಆಗ ಪೊರೆಯಲ್ಲಿ ಇಂಥ ಬಾಗಿಲು ಇದೆ ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ.